ಪೀಣ್ಯದ ಶೆಡ್ಡುಗಳಿಂದ ಚಂದ್ರನವರೆಗೆ

2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ವಿಕ್ರಮ್ ನೌಕೆಯು ಚಂದ್ರನ ದಕ್ಷಿಣ ಧ್ರುವಪ್ರದೇಶದ ಬಳಿ ಇಳಿದುದನ್ನು ದೇಶವೆಲ್ಲ ಎವೆಯಿಕ್ಕದೆ ನೋಡಿತು. ಆ ನೌಕೆಯನ್ನು ನಿಯಂತ್ರಿಸಿದ ಕೇಂದ್ರವಿರುವುದು ನಮ್ಮ ಪೀಣ್ಯದಲ್ಲಿ. ಬಾಹ್ಯಾಕಾಶದಲ್ಲಿ ಮಾನವನ ನಾಳೆಯನ್ನು ಕಟ್ಟುತ್ತಿರುವವರು ಯಾರೆಂದು ಕೇಳಿದರೆ ವಿಜ್ಞಾನಿಗಳು, ಗಗನಯಾತ್ರಿಗಳು ಎಂದೇ ನಾವು ಉತ್ತರಿಸುತ್ತೇವೆ. ಉತ್ತರ ತಪ್ಪಲ್ಲ, ಅಪೂರ್ಣ.

ಭಾರತದ ಪ್ರಥಮ ಉಪಗ್ರಹ ಆರ್ಯಭಟ ರೂಪುಗೊಂಡುದೂ ಇದೇ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. ಉಡುಪಿ ಸೀಮೆಯ ಅದಮಾರಿನವರಾದ ಪ್ರೊ. ಯು. ಆರ್. ರಾವ್ ಅವರ ಮುಂದಾಳುತನದಲ್ಲಿ, ಉಪಗ್ರಹವನ್ನು ಅದುವರೆಗೆ ಕಟ್ಟಿಯೇ ಇರದ ತರುಣರು ಅಲ್ಲಿ ದುಡಿದರು. ಸುಮಾರು 360 ಕಿಲೋಗ್ರಾಂ ತೂಕದ ಅದು 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಮೇಲೇರಿತು. ವಿದ್ಯುತ್ ದೋಷದಿಂದ ಅದರ ಪ್ರಯೋಗಗಳು ಕೆಲವೇ ದಿನಗಳಲ್ಲಿ ನಿಂತುಹೋದವು. ಆದರೂ ಎರಡು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಅದರ ಚಿತ್ರ ಅಚ್ಚಾಯಿತು. ರಾವ್ ಅವರ ಹೆಸರು ಇತಿಹಾಸದಲ್ಲಿದೆ, ಇರಲೇಬೇಕು. ಲೋಹವನ್ನು ಕಡೆದವರ, ತಂತಿಗಳನ್ನು ಬೆಸೆದವರ ಹೆಸರುಗಳನ್ನು ನಮ್ಮಲ್ಲಿ ಎಷ್ಟು ಮಂದಿ ಹೇಳಬಲ್ಲೆವು?

ಈ ಪ್ರಶ್ನೆ ಈಗ ಕೇವಲ ಕೃತಜ್ಞತೆಯದಾಗಿ ಉಳಿದಿಲ್ಲ. 2020ರಲ್ಲಿ ಕೇಂದ್ರ ಸರ್ಕಾರವು ಈ ಕ್ಷೇತ್ರವನ್ನು ಖಾಸಗಿಯವರಿಗೆ ತೆರೆಯಿತು. 2023ರಲ್ಲಿ ಬಾಹ್ಯಾಕಾಶ ನೀತಿಯೂ ಪ್ರಕಟವಾಯಿತು. ಉದ್ಯೋಗ ಬೆಳೆಯುವುದಾದರೆ ಸ್ವಾಗತಾರ್ಹವೇ. ಆದರೆ ಕೆಲಸವು ದೊಡ್ಡ ಸಂಸ್ಥೆಯಿಂದ ಸಣ್ಣ ಕಾರ್ಖಾನೆಗೆ, ಅಲ್ಲಿಂದ ಗುತ್ತಿಗೆದಾರನಿಗೆ ಇಳಿಯುತ್ತಾ ಹೋದಂತೆ ಹೊಣೆಗಾರಿಕೆಯೂ ಕರಗುತ್ತದೆ. ಸರಪಳಿಯ ಕೊನೆಯಲ್ಲಿ ನಿಂತವನಿಗೆ ತಾನು ಕಡೆದ ತುಂಡು ಎಲ್ಲಿಗೆ ಹೋಗುತ್ತದೆಂಬುದೂ ತಿಳಿಯದೆ ಹೋಗಬಹುದು.

1970ರ ಗುತ್ತಿಗೆ ಕಾರ್ಮಿಕರ ಕಾಯಿದೆಯು 20 ಅಥವಾ ಹೆಚ್ಚು ಗುತ್ತಿಗೆ ಕಾರ್ಮಿಕರಿದ್ದ ಸಂಸ್ಥೆಗಳಿಗೆ ಅನ್ವಯಿಸುತ್ತಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಆ ಮಿತಿ 50ಕ್ಕೆ ಏರಿದೆ. ಸಣ್ಣ ಕಾರ್ಖಾನೆಗಳೇ ತುಂಬಿರುವ ಪೀಣ್ಯದಂಥ ಪ್ರದೇಶದಲ್ಲಿ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಕಾಕತಾಳೀಯವೆಂಬಂತೆ, 1963ರಲ್ಲಿ ತುಂಬಾದಿಂದ ನಮ್ಮ ಮೊದಲ ರಾಕೆಟ್ ಹಾರಿದ್ದೂ ನವೆಂಬರ್ 21ರಂದೇ. ಅಲ್ಲಿನ ಸಂತ ಮಗ್ದಲದ ಮರಿಯಳ ದೇವಾಲಯ ಅಂದು ಕಾರ್ಯಾಗಾರವಾಯಿತು. ಮೀನುಗಾರ ಕುಟುಂಬಗಳು ಆ ನೆಲವನ್ನು ಬಿಟ್ಟುಕೊಟ್ಟು ಬೇರೆಡೆಗೆ ಸರಿದವು. ಆ ತ್ಯಾಗವನ್ನು ಹೆಮ್ಮೆಯಿಂದ ನೆನೆಯುವ ನಾವು, ಇಂದು ತ್ಯಾಗ ಮಾಡುತ್ತಿರುವವರು ಯಾರೆಂದು ಕೇಳುವುದಿಲ್ಲ.

ಜಗದ್ಗುರು ಎರಡನೆಯ ಜಾನ್ ಪಾಲರು 1981ರಲ್ಲಿ ದುಡಿಮೆಯನ್ನು ಕುರಿತು ಬರೆದ ವಿಶ್ವಪತ್ರದಲ್ಲಿ, ದುಡಿಮೆಯ ಬೆಲೆಯನ್ನು ಉತ್ಪನ್ನದಿಂದಲ್ಲ, ದುಡಿಯುವ ವ್ಯಕ್ತಿಯಿಂದ ಅಳೆಯಬೇಕೆಂದು ತರ್ಕಿಸಿದರು. ಈ ಮಾನದಂಡದಲ್ಲಿ ಉಪಗ್ರಹದ ಬಿಡಿಭಾಗಕ್ಕೂ ಗೇಟಿನ ಚಿಲಕಕ್ಕೂ ಭೇದವಿಲ್ಲ. ಎರಡನ್ನೂ ಮಾಡಿದ ಕೈ ಒಂದೇ.

ಹೊಸ ಸಂಹಿತೆಯಲ್ಲಿ ಒಳ್ಳೆಯದೂ ಇದೆ: ಪ್ರತಿ ನೌಕರನಿಗೂ ಲಿಖಿತ ನೇಮಕಾತಿ ಪತ್ರ ನೀಡಬೇಕೆಂಬ ವಿಧಿ. ಆ ಪತ್ರ ಕೈಸೇರಿದೆಯೇ ಎಂದು ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಧರ್ಮಕೇಂದ್ರಗಳು ತಮ್ಮ ಕಾರ್ಮಿಕ ಕುಟುಂಬಗಳನ್ನು ಈ ತಿಂಗಳೇ ವಿಚಾರಿಸಬಹುದು.