ಗೋಲ್ ಶೀಟ್‌ನಲ್ಲಿ ಇಲ್ಲದ ಕಾಲಂ

ಏಪ್ರಿಲ್ ಬಂತು ಅಂದ್ರೆ ನಮ್ಮಂಥ ಐಟಿಯವರಿಗೆ ಎರಡು ಕಾಟ. ಒಂದು ಬೆಂಗಳೂರಿನ ಸೆಖೆ, ಇನ್ನೊಂದು ಗೋಲ್ ಶೀಟ್. ನಾನಂತೂ ಹೋದ ವರ್ಷದ್ದನ್ನೇ ಕಾಪಿ ಪೇಸ್ಟ್ ಮಾಡಿ, ಇಸವಿ ಮಾತ್ರ ಬದಲಾಯಿಸಿ ಸಬ್ಮಿಟ್ ಮಾಡೋ ಪೈಕಿ :-) ಆದ್ರೆ ಈ ಸಲ ಬೇರೆಯವರ ಗೋಲ್ ಶೀಟ್ ಮುಂದೆ ಕೂತು ಒಂದು ಇಡೀ ಭಾನುವಾರ ತಲೆ ಕೆಡಿಸಿಕೊಳ್ಳಬೇಕಾಯ್ತು.

ನನ್ನ ಚಿಕ್ಕಮ್ಮನ ಮಗಳು ಇಲ್ಲೇ ಒಂದು ಕನ್ಸಲ್ಟೆನ್ಸಿಯಲ್ಲಿ ರಿಕ್ರೂಟರ್. ಬೇರೆ ಕಂಪನಿಗಳಿಗೆ ಜನ ಹುಡುಕಿ ಕೊಡೋ ಕೆಲಸ. ಬೆಳಗ್ಗೆ ತಿಂಡಿ ಹೊತ್ತಿಗೇ ಲ್ಯಾಪ್‌ಟಾಪ್ ಹಿಡ್ಕೊಂಡು ಬಂದ್ಲು. "ಅಣ್ಣಾ, ಹೋದ ವರ್ಷ 60 ಜಾಯಿನಿಂಗ್ ಇತ್ತು, ಮುಗಿಸಿದೆ. ಈ ವರ್ಷ 72 ಅಂತೆ. ನೋಡೋಕೆ ಚೆನ್ನಾಗಿರೋ ಹಾಗೆ ಏನಾದ್ರೂ ತುಂಬಿಸ್ಕೊಡೋ" ಅಂದ್ಲು.

ಶೀಟ್ ತೆಗೆದು ನೋಡಿದೆ. ಮೊದಲ ಸಾಲು: 72 ಜಾಯಿನಿಂಗ್. ಎರಡನೇ ಸಾಲು: ಕಮ್ಯುನಿಕೇಶನ್ ಸ್ಕಿಲ್ಸ್ ಉತ್ತಮಪಡಿಸಿಕೊಳ್ಳುವುದು. ಮುಗೀತು! ಒಂದು ವರ್ಷದ ಬದುಕು ಎರಡು ಸಾಲಲ್ಲಿ.

"60 ಮುಗಿಸಿದೀಯಲ್ಲ, ಖುಷಿ ಪಡು" ಅಂದೆ. ಅವಳು ಸುಮ್ಮನಾದ್ಲು. ಆಮೇಲೆ ನಿಧಾನಕ್ಕೆ ಹೇಳಿದ್ಲು. ಮಾರ್ಚ್ ಕೊನೇ ವಾರ 59ಕ್ಕೆ ನಿಂತಿತ್ತಂತೆ. ಗದಗ ಕಡೆಯ ಹುಡುಗ ಒಬ್ಬ, ಎಲ್ಲಾ ರೌಂಡ್ ಪಾಸಾಗಿದ್ದ. ಸೇರೋ ಮೊದಲು "ಮೇಡಂ, ಡೇ ಶಿಫ್ಟ್ ತಾನೇ? ಅಮ್ಮಂಗೆ ಹುಷಾರಿಲ್ಲ, ರಾತ್ರಿ ಒಬ್ಬರನ್ನೇ ಬಿಡೋಕಾಗಲ್ಲ" ಅಂತ ಕೇಳಿದ್ದ. ಕೆಲಸ ಮುಗಿಯೋದು ರಾತ್ರಿ 2 ಗಂಟೆಗೆ ಅಂತ ಇವಳಿಗೆ ಗೊತ್ತಿತ್ತು. "ಮೊದಲು ಜಾಯಿನ್ ಆಗಿ, ಆಮೇಲೆ ಮ್ಯಾನೇಜರ್ ಹತ್ರ ಮಾತಾಡಿದ್ರೆ ಬದಲಾಯಿಸ್ತಾರೆ" ಅಂದುಬಿಟ್ಲು. ಯಾರೂ ಬದಲಾಯಿಸಲಿಲ್ಲ. ಮೂರು ವಾರಕ್ಕೆ ಹುಡುಗ ಬಿಟ್ಟ. ಹಳೇ ಕಂಪನಿಯವರು ವಾಪಸ್ ತಗೊಳ್ಳಲಿಲ್ಲ. "60 ಮುಟ್ಟಿದ್ದಕ್ಕೆ ಬಂದ ಇನ್ಸೆಂಟಿವ್‌ನಲ್ಲೇ ಅಣ್ಣಾ, ಅಮ್ಮಂಗೆ ಮಿಕ್ಸಿ ತಂದಿದ್ದು" ಅಂದ್ಲು.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನೋ ಗಾದೆ ಇದ್ಯಲ್ಲ, ರಿಕ್ರೂಟರ್ ಕೆಲಸಾನೂ ಹಾಗೇ ಆಗಿಬಿಟ್ಟಿದೆ. ಆದ್ರೆ ನನ್ನ ತಂಗಿ ಸುಳ್ಳುಗಾತಿ ಅಲ್ಲ. ಆ ಸುಳ್ಳನ್ನ ಅವಳ ಬಾಯಲ್ಲಿ ಹೇಳಿಸಿದ್ದು ಆ ಒಂದು ಸಾಲಿನ ಗೋಲ್ ಶೀಟ್ ಅಂತ ನನ್ನ ವಾದ.

ಇದೇನು ಹೊಸ ವಿಷಯ ಅಲ್ಲ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನ ಕಥೆ ನೆನಪಿರಬಹುದು. ಸಿಬ್ಬಂದಿಗೆ ಇಷ್ಟು ಖಾತೆ ಮಾರಲೇಬೇಕು ಅಂತ ಗುರಿ. ಅವರು ಗ್ರಾಹಕರಿಗೆ ಗೊತ್ತಿಲ್ಲದ ಹಾಗೆ ಲಕ್ಷಗಟ್ಟಲೆ ಖಾತೆ ತೆರೆದ್ರು. 2016ರಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು. ಗುರಿ ಅಂತ ಒಂದೇ ಒಂದು ಸಂಖ್ಯೆ ಕೊಟ್ಟು, ಅದರ ಮೇಲೆ ಸಂಬಳ ನಿಲ್ಲಿಸಿದ್ರೆ, ಮನುಷ್ಯ ಸಂಖ್ಯೆ ತಂದುಕೊಡ್ತಾನೆ. ಕೆಲಸ ಆಗುತ್ತೆ ಅಂತ ಗ್ಯಾರಂಟಿ ಇಲ್ಲ.

ಹಾಗಂತ ಸಂಖ್ಯೆನೇ ಬೇಡ ಅಂತ ನಾನು ಹೇಳ್ತಾ ಇಲ್ಲ. ಇಂಜಿನಿಯರ್ ಆಗಿ ಹಾಗೆ ಹೇಳಿದ್ರೆ ಡಿಗ್ರಿ ವಾಪಸ್ ಕೊಡ್ಬೇಕಾಗುತ್ತೆ. ಬದಲಿಗೆ ಸಂಖ್ಯೆಯನ್ನ ಹಿಂದಿನಿಂದ ಲೆಕ್ಕ ಹಾಕೋಣ ಅಂತ ಕೂತ್ವಿ. ಅವಳ ಹೋದ ವರ್ಷದ ಶೀಟ್‌ನಿಂದ ಸಿಕ್ಕಿದ್ದು ಸುಮಾರಾಗಿ ಹೀಗೆ: 3 ಜನಕ್ಕೆ ಫೋನ್ ಮಾಡಿದ್ರೆ 1 ರೆಸ್ಯೂಮೆ, 4 ರೆಸ್ಯೂಮೆಗೆ 1 ಇಂಟರ್‌ವ್ಯೂ, 5 ಇಂಟರ್‌ವ್ಯೂಗೆ 1 ಆಫರ್, 10 ಆಫರ್‌ಗೆ 6 ಜಾಯಿನಿಂಗ್.

ವರ್ಷಕ್ಕೆ 72 ಅಂದ್ರೆ ತಿಂಗಳಿಗೆ 6. ಅದಕ್ಕೆ 10 ಆಫರ್, 50 ಇಂಟರ್‌ವ್ಯೂ, 200 ರೆಸ್ಯೂಮೆ, 600 ಫೋನ್. ತಿಂಗಳಿಗೆ 22 ದಿನ ಕೆಲಸ ಅಂದ್ರೂ ದಿನಕ್ಕೆ 27 ಕರೆ. ಗಂಟಲು ಕೆಟ್ಟು ಹೋಗುತ್ತೆ!

ಈಗ ನೋಡಿ ಮಜಾ. ಆಫರ್ ತಗೊಂಡ 10 ಜನರಲ್ಲಿ 6ರ ಬದಲು 8 ಜನ ಸೇರಿದ್ರೆ? 7-8 ಆಫರ್ ಸಾಕು, ಕರೆಗಳು 600ರಿಂದ 450ಕ್ಕೆ ಇಳಿಯುತ್ತೆ. ಆ ನಾಲ್ಕು ಜನ ಯಾಕೆ ತಪ್ಪಿಸಿಕೊಳ್ತಾರೆ ಅಂತ ನಮಗೆಲ್ಲ ಗೊತ್ತು, ನಾವೂ ಅದನ್ನೇ ಮಾಡಿದೀವಿ :-) ಐಟಿಯಲ್ಲಿ ಎಷ್ಟೋ ಕಡೆ 90 ದಿನ ನೋಟೀಸ್ ಪೀರಿಯಡ್. ಒಂದು ಆಫರ್ ಜೇಬಲ್ಲಿಟ್ಟುಕೊಂಡು ಮೂರು ತಿಂಗಳಲ್ಲಿ ಇನ್ನೆರಡು ಹುಡುಕ್ತೀವಿ. ಕೈಗೆ ಬರೋ ಸಂಬಳ, ಶಿಫ್ಟ್, ಆಫೀಸ್ ಇರೋ ಜಾಗ - ಇವು ಮೊದಲೇ ಹೇಳಿದ್ದಕ್ಕಿಂತ ಬೇರೆ ಅಂತ ಗೊತ್ತಾದ ದಿನ ಫೋನ್ ಎತ್ತೋದು ನಿಲ್ಲಿಸ್ತೀವಿ. ಅಂದ್ರೆ ಮೊದಲೇ ನಿಜ ಹೇಳೋದು ಬರೀ ಧರ್ಮ ಅಲ್ಲ, ಲೆಕ್ಕಾಚಾರಾನೂ ಹೌದು.

ಇದೇ 90 ದಿನದಿಂದ ಇನ್ನೊಂದು ಪೇಚಾಟ. ಏಪ್ರಿಲ್‌ನಿಂದ ಜೂನ್‌ವರೆಗೆ ಸೇರೋವ್ರಲ್ಲಿ ತುಂಬಾ ಜನಕ್ಕೆ ಆಫರ್ ಹೋಗಿರೋದು ಜನವರಿ-ಮಾರ್ಚ್‌ನಲ್ಲಿ. ಈ ವರ್ಷದ ಕೊನೇ ಮೂರು ತಿಂಗಳ ದುಡಿಮೆಯ ಫಲ ಕಾಣೋದು ಮುಂದಿನ ವರ್ಷ. ಹೀಗಿರುವಾಗ ಪ್ರತಿ ತಿಂಗಳೂ ಜಾಯಿನಿಂಗ್ ಎಣಿಸಿ ಬೈಯೋದು ಅಂದ್ರೆ ನಾಟಿ ಮಾಡಿದ ವಾರವೇ ಭತ್ತ ಕೇಳಿದ ಹಾಗೆ. ಜೊತೆಗೆ ಮಾರುಕಟ್ಟೆ. 2021-22ರಲ್ಲಿ ಕರೆದು ಕರೆದು ಕೆಲಸ ಕೊಟ್ರು, 2023ರಲ್ಲಿ ಅದೇ ಐಟಿ ಬಾಗಿಲು ಹಾಕ್ಕೊಳ್ತು. ರಿಕ್ರೂಟರ್ ಮಾತ್ರ ಎರಡೂ ವರ್ಷ ಅದೇ ಮನುಷ್ಯ. ಅದಕ್ಕೇ ಮೂರು ತಿಂಗಳಿಗೊಮ್ಮೆ ಗುರಿಯನ್ನ ತಿದ್ದೋಕೆ ಅವಕಾಶ ಇರಬೇಕು.

ಇನ್ನು ನನ್ನ ಸ್ವಂತ ಕೋಪದ ಕಾಲಂ. ಮೂರು ವರ್ಷದ ಹಿಂದೆ ಒಂದು ಕಡೆ ನಾಲ್ಕು ರೌಂಡ್ ಇಂಟರ್‌ವ್ಯೂ ಕೊಟ್ಟೆ, ಎರಡು ದಿನ ಸುಳ್ಳು ಜ್ವರದ ರಜೆ ಹಾಕಿ. "ಸೋಮವಾರ ಹೇಳ್ತೀವಿ" ಅಂದ್ರು. ಯಾವ ಸೋಮವಾರ ಅಂತ ಕೇಳಬೇಕಿತ್ತು. ಇವತ್ತಿಗೂ ನಾನು ಸೆಲೆಕ್ಟ್ ಆದ್ನೋ ಇಲ್ವೋ ಗೊತ್ತಿಲ್ಲ. ಇದನ್ನ ತಂಗಿಗೆ ಹೇಳಿ, ಲೆಕ್ಕ ತೋರಿಸಿದೆ: 50 ಇಂಟರ್‌ವ್ಯೂನಲ್ಲಿ 10 ಆಫರ್ ಅಂದ್ರೆ 40 ಜನಕ್ಕೆ "ಇಲ್ಲ" ಅನ್ನಬೇಕು. ಒಬ್ಬರಿಗೆ ಎರಡು ನಿಮಿಷ ಅಂದ್ರೂ ತಿಂಗಳಿಗೆ 80 ನಿಮಿಷ. ಒಂದು ಸಿನಿಮಾದ ಮೊದಲರ್ಧ ಅಷ್ಟೇ! ವರ್ಷಕ್ಕೆ 480 ಜನ ಫೋನ್ ನೋಡ್ಕೊಂಡು ಕೂರೋದು ತಪ್ಪುತ್ತೆ. ಅವರಲ್ಲೇ ಯಾರಾದ್ರೂ ಮುಂದಿನ ವರ್ಷ ಅವಳ ಫೋನ್ ಎತ್ತುತ್ತಾರೆ.

ಕೊನೆಗೆ ಬರೆದದ್ದು ಹೀಗೆ. ಒಂದು, 72 ಜಾಯಿನಿಂಗ್. ಎರಡು, 10 ಆಫರ್‌ಗೆ 8 ಜನ ಸೇರೋದು. ಮೂರು, ಇಂಟರ್‌ವ್ಯೂ ಕೊಟ್ಟ ಎಲ್ಲರಿಗೂ ಫಲಿತಾಂಶ ಬಂದ ಎರಡು ದಿನದೊಳಗೆ ಉತ್ತರ. ನಾಲ್ಕು, ಸೇರಿದವರು ಒಂದು ವರ್ಷ ಉಳಿಯೋದು.

"ಇದೆಲ್ಲ ಅಳೆಯೋಕಾಗಲ್ಲ, ಸ್ಮಾರ್ಟ್ ಗೋಲ್ ಅಲ್ಲ ಅಂತಾರೆ ಅಣ್ಣಾ" ಅಂತ ಅವಳ ಭಯ. ಈ ಸ್ಮಾರ್ಟ್ ಅನ್ನೋದನ್ನ 1981ರಲ್ಲಿ ಬರೆದ ಜಾರ್ಜ್ ಡೊರಾನ್ ಪ್ರತಿ ಗುರಿಗೂ ಐದೂ ಲಕ್ಷಣ ಇರಲೇಬೇಕು ಅಂತೇನೂ ಹೇಳಿರಲಿಲ್ಲ. ಆಫೀಸುಗಳು ಆ ಭಾಗ ಓದಲಿಲ್ಲ ಅನ್ಸುತ್ತೆ.

ಸೋಮವಾರ ಅವಳ ಮ್ಯಾನೇಜರ್ ಏನಂದ್ರು ಗೊತ್ತಾ? 72 ಅಲ್ಲಾಡಲಿಲ್ಲ. ಎರಡನೆಯದನ್ನ ಒಪ್ಪಿದ್ರು, ಕರೆಗಳ ಲೆಕ್ಕ ನೋಡಿ ಖುಷಿ ಪಟ್ರಂತೆ. ನಾಲ್ಕನೆಯದು ಬೇಡ ಅಂದ್ರು, ಸೇರಿದ ಮೇಲೆ ಉಳಿಸ್ಕೊಳ್ಳೋದು ಕ್ಲೈಂಟ್ ಕೈಯಲ್ಲಿದೆ ಅಂತ. ಅದು ನ್ಯಾಯವಾದ ಮಾತೇ, ನಾನೇ ಎಡವಿದ್ದೆ. ತನ್ನ ಕೈಯಲ್ಲಿಲ್ಲದ್ದು ಗುರಿ ಆಗಬಾರದು. ಅದರ ಜಾಗಕ್ಕೆ ಅವಳು, ಆಫರ್‌ಗೆ ಮೊದಲು ಶಿಫ್ಟ್, ಜಾಗ, ಕೈಗೆ ಬರೋ ಸಂಬಳ ಮೂರನ್ನೂ ಬರಹದಲ್ಲಿ ಕಳಿಸೋದು ಅಂತ ಹಾಕಿದ್ಲು. ಅದು ಪೂರ್ತಿ ಅವಳ ಕೈಯಲ್ಲೇ ಇದೆ. ಮೂರನೆಯದು ಶೀಟ್‌ನಲ್ಲಿ ಬೇಕಾಗಿಲ್ಲ, ನೀನು ಮಾಡ್ಕೋ ಅಂದ್ರಂತೆ. ಮಾಡ್ತಿದ್ದಾಳೆ.

ಆ ಗದಗದ ಹುಡುಗನಿಗೆ ಒಂದು ಡೇ ಶಿಫ್ಟ್ ಕೆಲಸ ಹುಡುಕಿಟ್ಟಿದ್ದಾಳೆ. ಅವನು ಫೋನ್ ಎತ್ತುತ್ತಿಲ್ಲ. ಯಾಕೆ ಎತ್ತಬೇಕು ಹೇಳಿ?

ಓದುಗ ಮಿತ್ರರಲ್ಲಿ ರಿಕ್ರೂಟರ್‌ಗಳಿದ್ರೆ ನಿಮ್ಮ ಗೋಲ್ ಶೀಟ್‌ನಲ್ಲಿ ಎಷ್ಟು ಸಾಲು ಇದೆ ಅಂತ ತಿಳಿಸಿ. ಉಳಿದವರಿಗೆ ಒಂದೇ ಪ್ರಶ್ನೆ: "ನೀವು ಸೆಲೆಕ್ಟ್ ಆಗಿಲ್ಲ" ಅಂತ ನಿಮಗೆ ನೇರವಾಗಿ ಫೋನ್ ಮಾಡಿ ಹೇಳಿದ ಪುಣ್ಯಾತ್ಮರು ಯಾರಾದ್ರೂ ಇದ್ದಾರಾ?