ಆರು ಸಾವಿರ ಗುಂಡುಗಳ ಪರೀಕ್ಷೆ

ಪಿಸ್ತೂಲು ಕೊಳ್ಳುವವನು ಹತ್ತು ಅಂಗಡಿ ಸುತ್ತುತ್ತಾನೆ. ಹಿಡಿಯ ಅಂದವನ್ನು ನೋಡುತ್ತಾನೆ, ತೂಕವನ್ನು ಕೈಯಲ್ಲಿ ಅಳೆಯುತ್ತಾನೆ, ಬೆಲೆಗಾಗಿ ಚೌಕಾಶಿ ನಡೆಸುತ್ತಾನೆ. ಅದರೊಳಗೆ ತುಂಬುವ ತೋಟಾಗಳನ್ನು ಮಾತ್ರ, ಮನೆಗೆ ಹೊರಡುವ ಅವಸರದಲ್ಲಿ, ಪೆಟ್ಟಿಗೆಯ ಮೇಲಿನ ದೊಡ್ಡ ಅಕ್ಷರಗಳಿಗೆ ಮರುಳಾಗಿ ಕೊಂಡುಬಿಡುತ್ತಾನೆ. ಆಪತ್ತಿನ ಗಳಿಗೆಯಲ್ಲಿ ಕೆಲಸಕ್ಕೆ ಬರಬೇಕಾದುದು ಹಿಡಿಯ ಅಂದವಲ್ಲ, ತೋಟಾ ಎಂಬುದು ಆಗ ಅವನಿಗೆ ಹೊಳೆದಿರುವುದಿಲ್ಲ.

ಭಾರತದಲ್ಲಿ 1959ರ ಆಯುಧ ಕಾಯಿದೆಯ ಕಟ್ಟಳೆಗಳಿಂದಾಗಿ ಈ ಪ್ರಶ್ನೆ ಸಾಮಾನ್ಯ ಸಂಸಾರಗಳ ಹೊಸ್ತಿಲು ದಾಟುವುದು ಅಪರೂಪ. ಅಮೆರಿಕದ ಮಾತು ಬೇರೆ. ಅಲ್ಲಿಯ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ವಯಸ್ಕನಾದ ಪ್ರಜೆ ಪರವಾನಗಿಯಿಲ್ಲದೆಯೇ ಪಿಸ್ತೂಲನ್ನು ಸೊಂಟಕ್ಕೆ ಕಟ್ಟಿಕೊಂಡು ಪೇಟೆಗೆ ಹೋಗಬಹುದು. ಮಗನೋ ಮಗಳೋ ಆ ದೇಶದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಈ ಸಂಗತಿ ತೀರ ದೂರದ್ದೇನೂ ಅಲ್ಲ.

ಹೀಗೆ ಧರಿಸುವ ಪಿಸ್ತೂಲುಗಳಲ್ಲಿ ಹೆಸರಾದ ದೊಡ್ಡ ನಳಿಗೆಯ ಜಾತಿಯೊಂದುಂಟು. ಗುಂಡಿನ ಅಡ್ಡಳತೆ ಒಂದು ಅಂಗುಲದ ನೂರು ಪಾಲಿನಲ್ಲಿ 45 ಪಾಲು. ಆದುದರಿಂದ ಅದನ್ನು ‘ನಲವತ್ತೈದು’ ಎಂದೇ ಕರೆಯುತ್ತಾರೆ. ಗುಂಡಿನ ತೂಕ 230 ಗ್ರೇನ್, ಎಂದರೆ ಸುಮಾರು 15 ಗ್ರಾಂ. ವೇಗ ಸೆಕೆಂಡಿಗೆ ಸುಮಾರು 850 ಅಡಿ. ಅದು ಹುಟ್ಟಿದ ಕಥೆಯಲ್ಲಿಯೇ ತೋಟಾದ ಆಯ್ಕೆಗೆ ಬೇಕಾದ ಪಾಠ ಅಡಗಿದೆ.

ಫಿಲಿಪೈನ್ಸ್ ದ್ವೀಪಗಳಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೋರಾಡುತ್ತಿದ್ದ ಅಮೆರಿಕದ ಸೈನಿಕರ ಕೈಯಲ್ಲಿ ‘ಮೂವತ್ತೆಂಟ’ರ ಸಣ್ಣ ರಿವಾಲ್ವರುಗಳಿದ್ದವು. ಕತ್ತಿ ಹಿರಿದು ನುಗ್ಗಿ ಬರುತ್ತಿದ್ದ ಮೋರೋ ಯೋಧರು ಹಲವು ಗುಂಡು ತಗುಲಿದ ಮೇಲೂ ನಿಲ್ಲುತ್ತಿರಲಿಲ್ಲವೆಂದು ಅಧಿಕಾರಿಗಳು ದೂರಿದರು. ಸೇನೆಯು ಮೂಲೆಗೆ ಸೇರಿಸಿದ್ದ 1873ರ ಮಾದರಿಯ ನಲವತ್ತೈದರ ರಿವಾಲ್ವರುಗಳನ್ನು ಮತ್ತೆ ಹೊರತೆಗೆಯಿತು. 1904ರಲ್ಲಿ ಕ್ಯಾಪ್ಟನ್ ಜಾನ್ ಥಾಂಪ್ಸನ್ ಮತ್ತು ಸೇನಾವೈದ್ಯ ಮೇಜರ್ ಲೂಯಿ ಲಾಗಾರ್ಡ್ ಎಂಬಿಬ್ಬರು ಷಿಕಾಗೋದ ಕಸಾಯಿಖಾನೆಗಳಲ್ಲಿ ನಡೆಸಿದ ಪರೀಕ್ಷೆಯ ವಿವರ ಓದಲು ಹಿತವಾದುದಲ್ಲ. ಆದರೆ ಅವರ ತೀರ್ಮಾನ ಸ್ಪಷ್ಟವಾಗಿತ್ತು: ಸೇನೆಯ ಕೈಬಂದೂಕಿನ ಗುಂಡು ನಲವತ್ತೈದಕ್ಕಿಂತ ಚಿಕ್ಕದಾಗಿರಬಾರದು.

ಇಷ್ಟನ್ನು ಮಾತ್ರ ನೆನಪಿಟ್ಟುಕೊಂಡವರು ‘ಗುಂಡು ದೊಡ್ಡದಾದರೆ ಸಾಕು’ ಎಂದು ನಂಬುತ್ತಾರೆ. ಅನಂತರ ನಡೆದುದನ್ನು ಅವರು ಮರೆಯುತ್ತಾರೆ. 1911ರ ಮಾರ್ಚ್ ತಿಂಗಳಲ್ಲಿ ಎರಡು ಕಂಪೆನಿಗಳ ಪಿಸ್ತೂಲುಗಳು ಕಡೆಯ ಸ್ಪರ್ಧೆಗೆ ನಿಂತವು. ಒಂದೊಂದರಿಂದಲೂ 6,000 ಗುಂಡುಗಳನ್ನು ಹಾರಿಸಲಾಯಿತು. ಕಾದು ಕೆಂಡವಾದಾಗ ನೀರಿನಲ್ಲಿ ಅದ್ದಿ ತಣಿಸಿ ಮತ್ತೆ ಹಾರಿಸಲಾಯಿತು. ಸ್ಯಾವೇಜ್ ಕಂಪೆನಿಯ ಪಿಸ್ತೂಲು 37 ಬಾರಿ ತಡವರಿಸಿತು. ಜಾನ್ ಬ್ರೌನಿಂಗ್ ರೂಪಿಸಿದ ಕೋಲ್ಟ್ ಪಿಸ್ತೂಲು ಒಂದು ಬಾರಿಯೂ ತಡವರಿಸಲಿಲ್ಲ. ಇಬ್ಬರ ಗುಂಡಿನ ಗಾತ್ರವೂ ಒಂದೇ. ಗೆದ್ದುದು ಗಾತ್ರವಲ್ಲ, ನಂಬಿಕೆ.

ಆದರೆ ಆ ನಂಬಿಕೆಗೆ ಒಂದು ಷರತ್ತಿತ್ತು. ಬ್ರೌನಿಂಗನ ಪಿಸ್ತೂಲು ದುಂಡುಮೂತಿಯ, ಲೋಹದ ಕವಚ ತೊಟ್ಟ ಸೇನೆಯ ಗುಂಡಿಗಾಗಿ ಹುಟ್ಟಿದುದು. ಅಂಥ ಗುಂಡು ಮ್ಯಾಗಜೀನಿನಿಂದ ನಳಿಗೆಗೆ ಸಲೀಸಾಗಿ ಜಾರುತ್ತದೆ. ಜೊತೆಗೆ, ತಗುಲಿದವನ ದೇಹವನ್ನು ದಾಟಿ ಆಚೆಗೂ ಹೋಗಿಬಿಡಬಲ್ಲದು. ರಣರಂಗದಲ್ಲಿ ಅದು ಗಣನೆಗೆ ಬಾರದ ಮಾತು. ಜನ ತುಂಬಿದ ಬೀದಿಯಲ್ಲಿ ಅದು ನಿರಪರಾಧಿಯ ಪ್ರಾಣ.

ಆದುದರಿಂದ ಪೊಲೀಸರೂ ನಾಗರಿಕರೂ ತುದಿಯಲ್ಲಿ ಗುಳಿಯಿರುವ ಟೊಳ್ಳುಮೂತಿಯ ಗುಂಡಿಗೆ ಒಲಿದರು. ದೇಹವನ್ನು ಹೊಕ್ಕೊಡನೆ ಅದರ ತುದಿ ಹೂವಿನಂತೆ ಅರಳಿ, ವೇಗ ಕುಂದಿ, ಒಳಗೇ ನಿಲ್ಲುತ್ತದೆ. ಹೀಗೆ ಅರಳುವ ಗುಂಡಿನ ವಂಶಾವಳಿಯಲ್ಲಿ ಭಾರತದ ಊರೊಂದರ ಹೆಸರೂ ಸೇರಿರುವುದು ಸೋಜಿಗ. ಕಲ್ಕತ್ತೆಯ ಬಳಿಯ ಡಂಡಂ ಎಂದರೆ ಇಂದಿನವರಿಗೆ ವಿಮಾನನಿಲ್ದಾಣ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿಯ ಬ್ರಿಟಿಷ್ ಮದ್ದುಗುಂಡಿನ ಕಾರ್ಖಾನೆಯಲ್ಲಿ ತಯಾರಾದ ಮೆತುತುದಿಯ ರೈಫಲ್ ಗುಂಡು ಜಗತ್ತಿನಲ್ಲೆಲ್ಲ ‘ಡಂಡಂ ಗುಂಡು’ ಎಂದು ಕುಖ್ಯಾತವಾಯಿತು. 1899ರ ಹೇಗ್ ಘೋಷಣೆಯು ಅರಳುವ ಗುಂಡುಗಳನ್ನು ಯುದ್ಧದಲ್ಲಿ ನಿಷೇಧಿಸಿತು. ಪೊಲೀಸರಿಗಾಗಲಿ ನಾಗರಿಕರಿಗಾಗಲಿ ಆ ನಿಷೇಧ ಅನ್ವಯಿಸುವುದಿಲ್ಲ. ಯುದ್ಧದಲ್ಲಿ ಕ್ರೂರವೆನಿಸಿದ ಗುಂಡೇ ಬೀದಿಯಲ್ಲಿ ದಾರಿಹೋಕನ ರಕ್ಷಣೆಗೆಂದು ಒಪ್ಪಿಗೆ ಪಡೆಯಿತು. 1998ರಲ್ಲಿ ನ್ಯೂಯಾರ್ಕ್ ನಗರದ ಪೊಲೀಸರು ಟೊಳ್ಳುಮೂತಿಯ ಗುಂಡಿಗೆ ಬದಲಾದುದು ಮುಖ್ಯವಾಗಿ ಈ ಕಾರಣದಿಂದಲೇ.

ಹಾಗೆಂದು ಅರಳುವುದೊಂದೇ ಗುಣವಲ್ಲ. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಎಫ್.ಬಿ.ಐ. ಅಧಿಕಾರಿಗಳಿಗೂ ಇಬ್ಬರು ದರೋಡೆಕಾರರಿಗೂ ಕಾಳಗ ನಡೆಯಿತು. ಒಬ್ಬ ದರೋಡೆಕಾರನ ತೋಳನ್ನು ಭೇದಿಸಿ ಎದೆಯನ್ನು ಹೊಕ್ಕ ಗುಂಡು ಚೆನ್ನಾಗಿಯೇ ಅರಳಿತು; ಆದರೆ ಹೃದಯಕ್ಕೆ ಸುಮಾರು ಒಂದು ಅಂಗುಲ ದೂರದಲ್ಲಿ ನಿಂತುಬಿಟ್ಟಿತು. ಆ ಬಳಿಕವೂ ಅವನು ಗುಂಡು ಹಾರಿಸುತ್ತಲೇ ಇದ್ದ. ಇಬ್ಬರು ಅಧಿಕಾರಿಗಳು ಪ್ರಾಣ ತೆತ್ತರು, ಐವರು ಗಾಯಗೊಂಡರು.

ಆ ಶೋಕದಿಂದ ಒಂದು ಅಳತೆಗೋಲು ಹುಟ್ಟಿತು. ಮಾಂಸದ ಗುಣವನ್ನು ಹೋಲುವ ಜೆಲಟಿನ್ ಗಟ್ಟಿಗಳ ಮೇಲೆ ದಪ್ಪ ಬಟ್ಟೆ ಹೊದಿಸಿ, ಮುಂದೆ ಹಲಗೆ, ತಗಡು, ಮೋಟಾರಿನ ಗಾಜು ಇವನ್ನಿರಿಸಿ ಗುಂಡು ಹಾರಿಸುವುದು. ಗುಂಡು 12 ಅಂಗುಲಕ್ಕೆ ಕಡಮೆಯಿಲ್ಲದಂತೆ, 18 ಅಂಗುಲವನ್ನು ಮೀರದಂತೆ ಒಳಹೊಗಬೇಕು. ಕಡಮೆಯಾದರೆ ಅಪಾಯಕಾರಿಯನ್ನು ನಿಲ್ಲಿಸದು. ಹೆಚ್ಚಾದರೆ ಹಿಂದೆ ನಿಂತವನನ್ನು ತಾಗೀತು. ಈ ಅಳತೆಯಿಂದ ತಯಾರಕರು ಎಚ್ಚೆತ್ತು ಗುಂಡುಗಳನ್ನು ಎಷ್ಟು ತಿದ್ದಿದರೆಂದರೆ, ದೊಡ್ಡ ಗಾತ್ರಗಳ ಕಡೆಗೆ ತಿರುಗಿದ್ದ ಎಫ್.ಬಿ.ಐ.ಯೇ 2010ರ ದಶಕದಲ್ಲಿ ಮತ್ತೆ 9 ಮಿಲಿಮೀಟರಿನ ಚಿಕ್ಕ ಗುಂಡಿಗೆ ಮರಳಿತು. ಗಾತ್ರವೇ ಎಲ್ಲವೂ ಆಗಿದ್ದರೆ ಹೀಗಾಗುತ್ತಿರಲಿಲ್ಲ.

ಇನ್ನು ನಲವತ್ತೈದನ್ನೇ ಧರಿಸುವವನು ತೋಟಾವನ್ನು ಆರಿಸುವುದು ಹೇಗೆ? ಮೊದಲನೆಯದಾಗಿ, ಹೆಸರಾಂತ ಕಾರ್ಖಾನೆಯ, ಈ ಜೆಲಟಿನ್ ಪರೀಕ್ಷೆಯಲ್ಲಿ ತೇರ್ಗಡೆಯಾದ ಟೊಳ್ಳುಮೂತಿಯ ತೋಟಾವನ್ನು ತೆಗೆದುಕೊಳ್ಳಬೇಕು. ಚಿಕ್ಕ ಪಿಸ್ತೂಲಾದರೆ ಇನ್ನೂ ಎಚ್ಚರ ಬೇಕು: 5 ಅಂಗುಲದ ನಳಿಗೆಯಲ್ಲಿ ಅರಳುವ ಗುಂಡು 3 ಅಂಗುಲದ ನಳಿಗೆಯಲ್ಲಿ ವೇಗ ಸಾಲದೆ ಅರಳದೆ ಹೋಗಬಹುದು, ಬಟ್ಟೆಯ ಎಳೆಗಳು ಗುಳಿಯಲ್ಲಿ ತುಂಬಿಕೊಂಡರೂ ಹಾಗೆಯೇ. ಹೆಚ್ಚು ಒತ್ತಡದ ತೋಟಾ ಒಳ್ಳೆಯದೆಂಬ ಭ್ರಮೆಯೂ ಬೇಡ. ಅದು ಕೈಯನ್ನು ಹೆಚ್ಚು ಒದೆಯುತ್ತದೆ, ಎರಡನೆಯ ಗುರಿಯನ್ನು ತಡಮಾಡುತ್ತದೆ, ಹಳೆಯ ಪಿಸ್ತೂಲನ್ನು ಬೇಗ ಸವೆಸುತ್ತದೆ.

ಎರಡನೆಯದಾಗಿ, ಹಾಗೆ ಆರಿಸಿದ ತೋಟಾವನ್ನೇ, ಧರಿಸುವ ಪಿಸ್ತೂಲಿನಿಂದಲೇ, ಅದರ ಮ್ಯಾಗಜೀನುಗಳಿಂದಲೇ, ಅಭ್ಯಾಸದ ಮೈದಾನದಲ್ಲಿ ಹಾರಿಸಿ ನೋಡಬೇಕು. ಇನ್ನೂರಾದರೂ ತಡೆಯಿಲ್ಲದೆ ಹಾರಬೇಕೆಂಬುದು ಅನುಭವಸ್ಥರಲ್ಲಿ ರೂಢಿಯಾದ ಮಾತು. ಹಳೆಯ ಮಾದರಿಯ ಪಿಸ್ತೂಲುಗಳಲ್ಲಿ ಟೊಳ್ಳುಮೂತಿಯ ಅಗಲವಾದ ಬಾಯಿ ನಳಿಗೆಯ ಹೊಸ್ತಿಲಿಗೆ ಎಡವಿ ಸಿಕ್ಕಿಕೊಳ್ಳುವುದುಂಟು. ಅಭ್ಯಾಸಕ್ಕೆ ಅಗ್ಗದ ದುಂಡುಮೂತಿಯನ್ನು ಬಳಸಿ, ದುಬಾರಿಯ ತೋಟಾವನ್ನು ಪರೀಕ್ಷಿಸದೆ ಸೊಂಟದಲ್ಲಿಟ್ಟುಕೊಂಡವನು ಮದುವೆಯ ದಿನವೇ ಹೊಸ ಅಡುಗೆಯವನನ್ನು ಕರೆಸಿದಂತೆ.

ಮೂರನೆಯದು ಮನೆಯೊಳಗಿನ ಅಭ್ಯಾಸಕ್ಕೆ ಸಂಬಂಧಿಸಿದುದು. ರಾತ್ರಿ ಪಿಸ್ತೂಲನ್ನು ಬರಿದುಮಾಡಿ ಬೆಳಿಗ್ಗೆ ಅದೇ ತೋಟಾವನ್ನು ಮತ್ತೆ ನಳಿಗೆಗೆ ಏರಿಸುತ್ತಿದ್ದರೆ, ದಿನವೂ ತಾಗುವ ಪೆಟ್ಟಿಗೆ ಗುಂಡು ಕೊಂಚಕೊಂಚವಾಗಿ ಹಿಂದಕ್ಕೆ ಸರಿದು ಹಿತ್ತಾಳೆಯ ಕೊಳವೆಯೊಳಗೆ ಇಳಿಯುತ್ತದೆ. ಒಳಗಿನ ಜಾಗ ಕಿರಿದಾದಷ್ಟೂ ಮದ್ದಿನ ಒತ್ತಡ ಅಪಾಯಕರವಾಗಿ ಏರುತ್ತದೆ. ಹೊಸ ತೋಟಾವೊಂದನ್ನು ಪಕ್ಕದಲ್ಲಿ ನಿಲ್ಲಿಸಿ ಹೋಲಿಸಿದರೆ ಕಣ್ಣಿಗೇ ತಿಳಿಯುತ್ತದೆ, ಕುಗ್ಗಿದುದನ್ನು ಬಳಸಬಾರದು. ಪಿಸ್ತೂಲಿಗೆ ಬಳಿದ ಎಣ್ಣೆ ತೋಟಾದ ಬುಡದ ಕೇಪಿಗೆ ಇಳಿದರೆ ಅದು ಕಿಡಿ ಹಾರಿಸದೆ ಸತ್ತುಹೋಗಬಹುದು. ಅಭ್ಯಾಸದಲ್ಲಿ ಗುಂಡು ಹಾರದೆ ‘ಟಿಕ್’ ಎಂದು ಮಾತ್ರ ಸದ್ದಾದರೆ, ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಬೇಕು. ತಡವಾಗಿ ಹೊತ್ತಿಕೊಳ್ಳುವ ತೋಟಾಗಳೂ ಉಂಟು.

ಇಷ್ಟೆಲ್ಲ ಮಾಡಿದ ಮೇಲೂ ಉಳಿಯುವ ಸತ್ಯವೊಂದಿದೆ. ಅಮೆರಿಕದ ಮನೆಗಳ ಒಳಗೋಡೆಗಳು ಬಹುಮಟ್ಟಿಗೆ ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದವು, ಇಟ್ಟಿಗೆ ಗಾರೆಯವಲ್ಲ. ದೇಹದಲ್ಲಿ ಅರಳಿ ನಿಲ್ಲುವ ಗುಂಡು ಅಂಥ ಗೋಡೆಯಲ್ಲಿ ನಿಲ್ಲುವುದಿಲ್ಲ. ಗುಳಿಯಲ್ಲಿ ಪುಡಿ ತುಂಬಿಕೊಂಡು, ಅರಳದೆ, ಮುಂದಿನ ಕೋಣೆಗೂ ಅದರಾಚೆಗೂ ಹೋಗಬಲ್ಲದು. ಕಳ್ಳನಿಗೆಂದು ಬಿಟ್ಟ ಗುಂಡಿಗೆ ಗೋಡೆಯಾಚೆ ಮಲಗಿರುವ ಮಗು ಯಾರದೆಂದು ತಿಳಿಯದು. ಅದನ್ನು ತಿಳಿದಿರಬೇಕಾದವನು ಕುದುರೆ ಎಳೆಯುವವನು. ಕತ್ತಲಲ್ಲಿ ನಿಂತಿರುವವನು ಯಾರು, ಅವನ ಹಿಂದೆ ಏನಿದೆ, ಮಕ್ಕಳು ಯಾವ ಕೋಣೆಯಲ್ಲಿದ್ದಾರೆ ಎಂಬುದಕ್ಕೆ ಉತ್ತರ ಯಾವ ಪೆಟ್ಟಿಗೆಯಲ್ಲೂ ಮಾರಾಟಕ್ಕಿಲ್ಲ.

ಬ್ರೌನಿಂಗನ ಪಿಸ್ತೂಲನ್ನು ಸೇನೆ ನಂಬಿದುದು ಆರು ಸಾವಿರ ಬಾರಿ ನೋಡಿದ ಮೇಲೆ. ಇನ್ನೂರು ಬಾರಿಯಾದರೂ ನೋಡುವ ತಾಳ್ಮೆಯಿಲ್ಲದವನು ಅದನ್ನು ಸೊಂಟಕ್ಕೆ ಕಟ್ಟಿಕೊಳ್ಳದಿರುವುದೇ ಅವನ ಮನೆಯವರಿಗೆ ಹೆಚ್ಚಿನ ರಕ್ಷಣೆ.