ಸಾಣಿಕಟ್ಟಾಕ್ಕೆ ಹೊರಡುವ ಮುನ್ನ ಉಪ್ಪಿನ ಕಾಲ ತಿಳಿಯಿರಿ

ಗೋಕರ್ಣಕ್ಕೆ ಹೋಗುವ ಬೆಂಗಳೂರಿಗರ ಪ್ರವಾಸದ ಪಟ್ಟಿ ಹೆಚ್ಚೂಕಮ್ಮಿ ಒಂದೇ: ಮಹಾಬಲೇಶ್ವರನ ದರ್ಶನ, ಕುಡ್ಲೆ ಮತ್ತು ಓಂ ಬೀಚ್, ಸಂಜೆ ಸೂರ್ಯಾಸ್ತ, ರಾತ್ರಿ ವಾಪಸ್ ಬಸ್ಸು. ಊರಿಗೆ ಕೆಲವೇ ಕಿಲೋಮೀಟರ್ ದೂರದಲ್ಲಿ, ಅಘನಾಶಿನಿಯ ಅಳಿವೆಯ ಅಂಚಿಗೆ ಹರಡಿರುವ ಸಾಣಿಕಟ್ಟಾದ ಉಪ್ಪಿನ ಆಗರಗಳು ಆ ಪಟ್ಟಿಯಲ್ಲಿ ಇರುವುದೇ ಅಪರೂಪ. ತಲೆಮಾರುಗಳಿಂದ ಬಿಸಿಲು, ಗಾಳಿ ಮತ್ತು ಕೈಕೆಲಸದಲ್ಲೇ ಉಪ್ಪು ಬೆಳೆಯುತ್ತಿರುವ ಈ ಜಾಗಕ್ಕೆ ಜನ ಹೋಗಬೇಕು. ಆದರೆ ತಿಳಿದು ಹೋಗಬೇಕು.

ಉತ್ತರ ಬೆಂಗಳೂರಿನವರಿಗೆ ದಾರಿ ಮನೆಯ ಹತ್ತಿರವೇ ಶುರುವಾಗುತ್ತದೆ. 2017ರಲ್ಲಿ ಹಾಸನದವರೆಗೆ ಪೂರ್ಣಗೊಂಡ ನೇರ ರೈಲು ಹಳಿ ತುಮಕೂರು ಮಾರ್ಗದಿಂದ ಕವಲೊಡೆಯುವುದು ಚಿಕ್ಕಬಾಣಾವರದಲ್ಲಿ. ನೆಲಮಂಗಲ, ಕುಣಿಗಲ್, ಶ್ರವಣಬೆಳಗೊಳ ದಾಟಿ ಹಾಸನ, ಅಲ್ಲಿಂದ ಸಕಲೇಶಪುರದ ಘಾಟಿಯ ಸುರಂಗಗಳನ್ನಿಳಿದು ಕರಾವಳಿ. ಕಾರವಾರದ ಪಂಚಗಂಗಾ ಎಕ್ಸ್‌ಪ್ರೆಸ್ ಓಡುವುದು ಈ ಮಾರ್ಗದಲ್ಲೇ. ಕುಮಟಾದಲ್ಲೋ ಗೋಕರ್ಣ ರೋಡ್ ನಿಲ್ದಾಣದಲ್ಲೋ ಇಳಿದರೆ ಮುಂದಿನದು ಆಟೊ ಪ್ರಯಾಣ. ಬೆಂಗಳೂರಿನಲ್ಲಿ ಯಾವ ನಿಲ್ದಾಣದಿಂದ ಹತ್ತುವುದು ಅನುಕೂಲ ಎಂಬುದನ್ನು ಮಾತ್ರ ಟಿಕೆಟ್ ಕಾಯ್ದಿರಿಸುವಾಗಲೇ ನೋಡಿಕೊಳ್ಳಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ತಿಂಗಳು. ವರ್ಷಾಂತ್ಯದ ರಜೆಯಲ್ಲಿ ಬಂದವರಿಗೆ ಇಲ್ಲಿ ಉಪ್ಪಿನ ರಾಶಿ ಕಾಣುವುದಿಲ್ಲ. ಉಪ್ಪು ಕೈಗೆ ಬರುವುದು ಬಿಸಿಲೇರಿದ ಮೇಲೆ, ಸಾಮಾನ್ಯವಾಗಿ ಫೆಬ್ರುವರಿಯ ಹೊತ್ತಿನಿಂದ ಮುಂಗಾರಿನ ಮೊದಲ ಮಳೆಯವರೆಗೆ. ಶಾಲೆಗಳ ಬೇಸಿಗೆ ರಜೆಯೂ ಆಗಲೇ. ಮಕ್ಕಳಿರುವ ಮನೆಯವರಿಗೆ ಏಪ್ರಿಲ್‌ಗಿಂತ ಒಳ್ಳೆಯ ತಿಂಗಳಿಲ್ಲ. ಬೆಳಗ್ಗೆ ಬೇಗ ಅಥವಾ ಇಳಿಹೊತ್ತಿನಲ್ಲಿ ಹೋಗುವುದು ಲೇಸು. ಬಯಲಿನಲ್ಲಿ ನೆರಳಿಲ್ಲ, ಬಿಳಿ ಉಪ್ಪಿನ ಮೇಲೆ ಬಿದ್ದ ಬಿಸಿಲು ಕಣ್ಣಿಗೆ ಹೊಡೆಯುತ್ತದೆ.

ಏನು ನೋಡುತ್ತಿದ್ದೇವೆಂದು ತಿಳಿದಿದ್ದರೆ ಆ ಬಿಳಿ ಬಯಲಿನ ತೂಕವೇ ಬೇರೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿರುವ ಲವಣಗಳು ಸುಮಾರು 35 ಗ್ರಾಂ ಮಾತ್ರ. ಉಬ್ಬರದಲ್ಲಿ ಏರಿದ ನೀರನ್ನು ಒಳಗೆ ಬಿಟ್ಟುಕೊಂಡು ದೊಡ್ಡ ಮಡಿಗಳಲ್ಲಿ ನಿಲ್ಲಿಸುತ್ತಾರೆ. ಅದು ಆರುತ್ತ ಗಟ್ಟಿಯಾದಂತೆ ಒಂದು ಮಡಿಯಿಂದ ಇನ್ನೊಂದಕ್ಕೆ ಹಾಯಿಸುತ್ತಾರೆ. ಜಿಪ್ಸಂ ಉಪ್ಪಿಗಿಂತ ಮೊದಲೇ ತಳ ಸೇರುತ್ತದೆ. ನೀರು ಸುಮಾರು ಹತ್ತನೇ ಒಂದು ಪಾಲಿಗೆ ಇಳಿದಾಗ ನಾವು ತಿನ್ನುವ ಉಪ್ಪು ಹರಳುಗಟ್ಟುತ್ತದೆ. ಇನ್ನೂ ಒಣಗಲು ಬಿಟ್ಟರೆ ಮೆಗ್ನೀಸಿಯಂ ಲವಣಗಳ ಕಹಿ ಸೇರಿಕೊಳ್ಳುತ್ತದೆ. ಆದ್ದರಿಂದ ಯಾವಾಗ ಬಾಚಬೇಕೆಂದು ಬಲ್ಲ ಕಣ್ಣು ಬೇಕು. ಕೊನೆಯ ಮಡಿಗಳ ನೆಲವನ್ನು ತುಳಿದು, ಬಡಿದು ಹಲಗೆಯಂತೆ ಸಮ ಮಾಡಿರುತ್ತಾರೆ. ಹಾಗಿದ್ದರೆ ಮಾತ್ರ ಬಾಚುವಾಗ ಉಪ್ಪಿನ ಜೊತೆ ಕೆಸರು ಏಳುವುದಿಲ್ಲ. ಚಪ್ಪಲಿ ಹಾಕಿಕೊಂಡು ಫೋಟೊಗಾಗಿ ಆ ಮಡಿಗೆ ಇಳಿದವರು ಹಾಳು ಮಾಡುವುದು ಇನ್ನೊಬ್ಬರ ವಾರಗಳ ದುಡಿಮೆಯನ್ನು. ಅದಕ್ಕೆ ಅಕಾಲದ ಒಂದು ಮಳೆಯೂ ಸಾಕು, ಆದರೆ ಮಳೆಗೆ ಹೇಳಿ ತಿದ್ದಲಾಗದು, ಪ್ರವಾಸಿಗೆ ಹೇಳಬಹುದು.

ಪೆರುವಿನ ಆಂಡಿಸ್ ಪರ್ವತದ ಮಾರಸ್‌ನಲ್ಲಿ ಈ ಮಾತು ದುಬಾರಿಯಾಗಿ ಅರ್ಥವಾಯಿತು. ಅಲ್ಲಿ ಬೆಟ್ಟದೊಳಗಿಂದ ಉಕ್ಕುವ ಉಪ್ಪುನೀರಿನ ಬುಗ್ಗೆಯನ್ನು ಮೂರು ಸಾವಿರಕ್ಕೂ ಹೆಚ್ಚು ಕಟ್ಟೆಗಳಿಗೆ ಹರಿಸಿ ಸ್ಥಳೀಯ ಕುಟುಂಬಗಳು ಉಪ್ಪು ತೆಗೆಯುತ್ತವೆ. ಪ್ರವಾಸಿಗರ ಓಡಾಟದಿಂದ ಉಪ್ಪು ಮಲಿನವಾಗುತ್ತದೆಂದು 2019ರಲ್ಲಿ ಕಟ್ಟೆಗಳ ನಡುವೆ ನಡೆಯುವುದನ್ನೇ ನಿಲ್ಲಿಸಿದರು. ಸ್ಪೇನ್‌ನ ಅನ್ಯಾನಾ ಕಣಿವೆಯದು ಬೇರೆ ದಾರಿ. ಪಾಳುಬಿದ್ದಿದ್ದ ಅಲ್ಲಿನ ಆಗರಗಳನ್ನು 2009ರಲ್ಲಿ ಹುಟ್ಟಿದ ಒಂದು ಪ್ರತಿಷ್ಠಾನ ನೋಡಿಕೊಳ್ಳುತ್ತಿದೆ. ಬಂದವರು ಮಾರ್ಗದರ್ಶಕರ ಜೊತೆ, ಗೊತ್ತುಪಡಿಸಿದ ಹಾದಿಯಲ್ಲಿ ನಡೆಯುತ್ತಾರೆ. 2017ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಆ ಕಣಿವೆಯನ್ನು ಕೃಷಿ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು.

ಸಾಣಿಕಟ್ಟಾಕ್ಕೆ ಬೇಕಿರುವುದು ಅನ್ಯಾನಾದ ದಾರಿ, ಅದೂ ಈಗಲೇ. ಅಘನಾಶಿನಿ ಅಳಿವೆ 2024ರಲ್ಲಿ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ಶಿರಸಿಯ ಕಡೆ ಹುಟ್ಟಿ, ಯಾವ ಅಣೆಕಟ್ಟಿಗೂ ಸಿಲುಕದೆ ಕಡಲು ಸೇರುವ ಈ ನದಿಯ ಹೆಸರು ಇನ್ನಷ್ಟು ಜನರನ್ನು ಎಳೆದು ತರುತ್ತದೆ. ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳು, ಚಿಪ್ಪು ಹೆಕ್ಕುವವರು, ಮೀನುಗಾರರು, ಆಗರದ ಕೆಲಸಗಾರರು ಎಲ್ಲರ ಬದುಕೂ ಇದೇ ನೀರನ್ನು ನಂಬಿದೆ. ಪ್ರವಾಸೋದ್ಯಮ ಇಲಾಖೆ ಇಲ್ಲಿ ಸೆಲ್ಫಿ ಕಟ್ಟೆ ಕಟ್ಟುವುದು ಬೇಡ. ಸಂದರ್ಶಕರು ನಡೆಯಲು ಒಂದೇ ಒಂದು ಬದು ಗುರುತಿಸಲಿ, ಕನ್ನಡದಲ್ಲಿ ವಿವರ ಫಲಕ ಹಾಕಲಿ, ಉಪ್ಪು ಬಾಚಿ ಬಲ್ಲವರ ಮನೆಯವರಿಗೇ ಸಂಭಾವನೆ ಕೊಟ್ಟು ಮಾರ್ಗದರ್ಶಕರನ್ನಾಗಿ ಮಾಡಲಿ. ಅಲ್ಲಿಯವರೆಗೆ ಹೋಗುವವರು ಆಗರಗಳನ್ನು ನಡೆಸುವ ಸಹಕಾರಿ ಸಂಘದವರನ್ನು ಕೇಳಿಯೇ ಒಳಗೆ ಕಾಲಿಡಬೇಕು. ಕೆಲಸ ಮಾಡುತ್ತಿರುವವರ ಫೋಟೊ ತೆಗೆಯುವ ಮುನ್ನವೂ ಒಂದು ಮಾತು ಕೇಳಬೇಕು.

ಒಂದು ದಿನ ಹೆಚ್ಚಿಗೆ ಇದ್ದರೆ ಅಂಕೋಲಾಕ್ಕೂ ಹೋಗಬಹುದು. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಜನ ಅಲ್ಲಿ ಉಪ್ಪಿನ ಕಾನೂನು ಮುರಿದರು. ಆಗರದಲ್ಲಿ ಒಂದು ಬೆಳಗು ಕಳೆದು ಬಂದ ಮಕ್ಕಳಿಗೆ, ಉಪ್ಪಿನ ಮೇಲೆ ತೆರಿಗೆ ಹಾಕುವುದೆಂದರೆ ಯಾರ ಹೊಟ್ಟೆಗೆ ಹೊಡೆದಂತೆ ಎಂಬುದನ್ನು ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ಅಲ್ಲಿ ವಿವರಿಸಬಹುದು.

ಸಾಣಿಕಟ್ಟಾದಿಂದ ಉಪ್ಪನ್ನು ಕೊಂಡು ತರುವುದಾದರೆ ಒಂದು ಎಚ್ಚರ ಇರಲಿ. ಅಯೋಡಿನ್ ಬೆರೆಸದ ಉಪ್ಪನ್ನು ನೇರವಾಗಿ ತಿನ್ನಲು ಮಾರುವುದನ್ನು ದೇಶದಲ್ಲಿ 2006ರಿಂದ ನಿಷೇಧಿಸಲಾಗಿದೆ. ಅಯೋಡಿನ್ ಕೊರತೆ ಗಳಗಂಡಕ್ಕೂ, ಗರ್ಭದಲ್ಲಿರುವ ಮಗುವಿನ ಬುದ್ಧಿ ಬೆಳವಣಿಗೆಯ ತೊಂದರೆಗೂ ಕಾರಣ. ಹಾಗಾಗಿ ಕಲ್ಲುಪ್ಪು ಯಾವ ಬಳಕೆಗೆ, ಅಯೋಡಿನ್ ಸೇರಿದೆಯೇ ಎಂದು ಕೇಳಿ, ಪೊಟ್ಟಣದ ಮೇಲೆ ಬರೆದದ್ದನ್ನು ಓದಿ ಕೊಳ್ಳಬೇಕು. ಹಾಗೆ ನೋಡಿ ಕೊಳ್ಳುವಾಗ ಚೌಕಾಸಿ ಬೇಡ.